ಹಿಡಿಕೆಯಿರುವ ಹಲಗೆ

ಕಾಲುವೆಯ ಈಚೆ ದಂಡೆ,
ತಾರೀಖು ಹದಿನಾಲ್ಕು, ಮಂಗಳವಾರ, ಊಟವಾದ ಮೇಲೆ

ನನ್ನ ಚೂಟಿ ಮಗಳೇ,

ಹಲ್ಲುನೋವು ಹೇಗಿದೆ? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ಕೀಳಿಸಲೇಬೇಕು ಅಂದರೆ ಕೀಳಿಸಿಬಿಡು, ಮೇಡಂ ಆಗಲಿರುವವಳಿಗೆ ಮಕ್ಕಳನ್ನು ಹೆದರಿಸಲು ಹಲ್ಲು ಬೇಕಿಲ್ಲ, ಕಣ್ಣು ಸಾಕು. ಅದಂತೂ ನಿನಗೆ ಹುಟ್ಟಿನಿಂದಲೇ ಬಂದಿದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಮ್ಮ ತಾನೂ ಚೆನ್ನಾಗಿದ್ದೇನೆ ಅಂತ ಬರೆಯಲು ಹೇಳಿದಳು, ಬರೆದಿದ್ದೇನೆ.

ನಿನ್ನ ಕಾಗದ ಬಂತು. ಮೊದಲ ಸಲ ಓಟು ಹಾಕುತ್ತಿದ್ದೇನೆ, ಶನಿವಾರ ಬರುತ್ತೇನೆ, ಯಾರಿಗೆ ಹಾಕಲಿ ಮಾಮ ಅಂತ ಕೇಳಿದ್ದೀಯ. ಕೇಳಬೇಕಾದವನನ್ನೇ ಕೇಳಿದ್ದೀಯ ಬಿಡು. ನಾನು ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು ಇರಬಹುದು, ಆದರೆ ನಮ್ಮ ಮೇಷ್ಟ್ರು ಬೆತ್ತದಲ್ಲಿ ಕಲಿಸಿದ್ದು ನಿನ್ನ ತರಬೇತಿ ಕಾಲೇಜಿನ ಪುಸ್ತಕದಲ್ಲಿಯೂ ಸಿಗಲಿಕ್ಕಿಲ್ಲ. ಅದಿರಲಿ, ಕಾಗದದ ಕೊನೆಯಲ್ಲಿ 'ನನ್ನ ಮೇಜಿನ ಡ್ರಾಯರ್ ಎಲ್ಲಿಗೆ ಬಂತು, ಏಳು ವರ್ಷ ಆಯ್ತು' ಅಂತ ಚುಚ್ಚಿದ್ದೀಯಲ್ಲ, ಆ ವಿಷಯ ಆಮೇಲೆ. ಮೊದಲು ದೇಶದ ಸಮಸ್ಯೆ.

ನಮ್ಮ ಕಾಲುವೆಯ ಕಬ್ಬಿಣದ ಸೇತುವೆ ನಿನಗೆ ಗೊತ್ತೇ ಇದೆ. ನೀನು ಹೋದ ಮೇಲೆ ಅದರ ನಡುವಿನ ಮೂರು ಹಲಗೆ ಕೊಳೆತು ನೀರಿಗೆ ಬಿದ್ದವು. ಆಸ್ಪತ್ರೆ ಆಚೆ ದಂಡೆಯಲ್ಲಿ, ನಾವು ಈಚೆ. ಸೇತುವೆ ದಾಟಿದರೆ ಐದು ನಿಮಿಷ, ಸುತ್ತು ಹಾಕಿದರೆ ಮುಕ್ಕಾಲು ಗಂಟೆ, ಅದೂ ಬೆಳಕು ಹರಿಯುವ ಮೊದಲು ಒಬ್ಬರೇ ನಡೆಯುವ ದಾರಿಯಲ್ಲ. ನಿನ್ನಮ್ಮ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಬೆಳಿಗ್ಗೆ ಆರೂಮುಕ್ಕಾಲಿಗೆ ಇಸ್ತ್ರಿ ಮೇಜಿನ ಮುಂದೆ ನಿಂತಿರಬೇಕು. ಈಗ ಬಂದಿರುವ ಹೊಸ ಮೇಲ್ವಿಚಾರಕಿ ಹಾಜರಿ ಪುಸ್ತಕದಲ್ಲಿ ತಡವಾದವರಿಗೆ ಕೆಂಪು ಗೆರೆ ಎಳೆಯುತ್ತಾಳೆ. ಮೂರು ಗೆರೆಯಾದರೆ ಮನೆಗೆ. ಅಕ್ಕನಿಗೆ ಪಿಂಚಣಿಗೆ ಇನ್ನು ಎಂಟೇ ತಿಂಗಳು. ಒಂದು ದಿನ ಕಂಬಿ ಹಿಡಿದು ಆ ಕಿಂಡಿ ದಾಟುವಾಗ ಚಪ್ಪಲಿ ಜಾರಿ ಕಾಲು ಮೊಣಕಾಲಿನ ತನಕ ಒಳಗೆ ಹೋಯಿತು. ಚಪ್ಪಲಿ ಕಾಲುವೆಯ ಪಾಲಾಯಿತು, ಮೊಣಕಾಲು ತರಚಿತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಕುಂಟುತ್ತಾ ಹೋದವಳಿಗೆ ಮೊದಲ ಕೆಂಪು ಗೆರೆ. ಇದನ್ನು ನಿನಗೆ ಬರೆಯಬಾರದು ಅಂತ ನನಗೆ ಆಣೆ ಹಾಕಿಸಿದ್ದಾಳೆ. ನಾನು ಆಣೆ ಹಾಕುವಾಗ ಮನಸ್ಸಿನಲ್ಲಿ ಬೇರೇನೋ ಯೋಚಿಸುತ್ತಿದ್ದೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ.

ಅವತ್ತೇ ಆಳುವ ಪಕ್ಷದ ನಮ್ಮ ಸದಸ್ಯನ ಹತ್ತಿರ ಹೋದೆ. ಅದೇ, ಎಲ್ಲಿ ರಿಬ್ಬನ್ ಕಂಡರೂ ಕತ್ತರಿಸುತ್ತಾನಲ್ಲ, ಕತ್ತರಿ. ಕುರ್ಚಿಯಿಂದ ಏಳದೆಯೇ "ಸೇತುವೆಗೇನಾಗಿದೆ ರೀ? ಹೋದ ವರ್ಷ ತಾನೇ ರಿಪೇರಿ ಮಾಡ್ಸಿದೀವಿ, ಬೋರ್ಡ್ ಹಾಕಿದೆ, ಓದ್ಕೊಳ್ಳಿ" ಅಂದ. ಬೋರ್ಡು ಇರುವುದು ನಿಜ. ಆ ಸೇತುವೆಯಲ್ಲಿ ಗಟ್ಟಿಯಾಗಿರುವ ಹಲಗೆ ಅದೊಂದೇ. "ನಮ್ಮಕ್ಕನ ಕಾಲು ಒಳಗೆ ಹೋಯ್ತಲ್ಲ ಸ್ವಾಮಿ" ಅಂದರೆ "ಅದೆಲ್ಲ ವಿರೋಧ ಪಕ್ಷದವರ ಅಪಪ್ರಚಾರ" ಅಂದ. ನಿನ್ನಮ್ಮನ ಮೊಣಕಾಲು ಯಾವ ಪಕ್ಷದ್ದು ಅಂತ ನನಗೆ ಗೊತ್ತಾದದ್ದು ಅವತ್ತೇ. ಸರಿ, ವಿರೋಧ ಪಕ್ಷದವನ ಹತ್ತಿರವೇ ಹೋಗೋಣ ಅಂತ, ನಾವೆಲ್ಲ ಗಂಟಲು ಅಂತ ಕರೆಯುತ್ತೇವಲ್ಲ, ಅವನ ಮನೆಗೆ ಹೋದೆ. ಅವನು ವಾರಕ್ಕೆರಡು ಸಲ ಆ ಕಿಂಡಿಯ ಪಕ್ಕ ನಿಂತು ಮೈಕಿನಲ್ಲಿ ಕಿರುಚುವವನು, ಅವನಿಗಾದರೂ ಸಂಕಟ ತಿಳಿಯುತ್ತದೆ ಅಂದುಕೊಂಡೆ. ಕೈ ಹಿಡಿದು ಒಳಗೆ ಕೂರಿಸಿದ, ಕಣ್ಣಲ್ಲಿ ನೀರೂ ತಂದುಕೊಂಡ. ಆಮೇಲೆ ಕಿವಿಯ ಹತ್ತಿರ ಬಂದು "ಎಲೆಕ್ಷನ್ ಮುಗಿಯೋ ತನಕ ಸ್ವಲ್ಪ ತಡ್ಕೊಳ್ಳಿ ಬಡಗಿಗಳೇ. ನಮ್ಮ ಹೋರಾಟ ನಿಂತಿರೋದೇ ಆ ಕಿಂಡಿ ಮೇಲೆ" ಅಂದ. "ನಿಮ್ಮ ಹೋರಾಟಕ್ಕೆ ನಿಲ್ಲೋಕೆ ಜಾಗ ಇದೆ, ನಮ್ಮಕ್ಕನಿಗಿಲ್ಲ" ಅಂತ ಹೇಳಿ ಎದ್ದು ಬಂದೆ. ಒಳ್ಳೆಯ ಮಾತಲ್ಲವಾ? ಬಾಗಿಲು ದಾಟುವ ಮೊದಲೇ ಹೊಳೆಯಿತು.

ಐದು ವರ್ಷದ ಹಿಂದೆ ಕುರ್ಚಿಯಲ್ಲಿದ್ದವನು ಗಂಟಲು, ಸೇತುವೆಯ ದೀಪ ಕೆಟ್ಟಿದೆ ಅಂತ ಕಿರುಚುತ್ತಿದ್ದವನು ಕತ್ತರಿ. ನೀನು ಆಗ ಚಿಕ್ಕವಳು. ದೀಪ ಈಗಲೂ ಕೆಟ್ಟೇ ಇದೆ. ಅಳಿಯ ಅಲ್ಲ ಮಗಳ ಗಂಡ ಅನ್ನುವುದು ಇದಕ್ಕೇ.

ಇನ್ನು ಇವರನ್ನು ನಂಬಿ ಕೂತರೆ ಆಗುವುದಿಲ್ಲ ಅಂತ ಹೋದ ವಾರದ ಭಾನುವಾರ ಅಂಗಡಿಯಿಂದ ಮೂರು ಹಲಗೆ ಹೊತ್ತುಕೊಂಡು ಹೋಗಿ ನಾನೇ ಕೂರಿಸಿದೆ. ಹೇಗೆ ಕೂರಿಸಿದೆ ಅಂತೀಯ! ಅಂಚು ಉಜ್ಜಿ, ಬೋಲ್ಟು ಬಿಗಿದು, ನೀರು ನಿಲ್ಲದ ಹಾಗೆ ನಡುವೆ ಕಿರುಬೆರಳಿನಷ್ಟು ಸಂದು ಬಿಟ್ಟು. ಬಡಗಿಗಳು ಬೇಕಾದಷ್ಟಿದ್ದಾರೆ, ಸಂದು ಬಿಡುವುದು ಯಾರಿಗೆ ಗೊತ್ತು? ಎರಡು ದಿನ ದಾಟಿದವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಮೂರನೇ ದಿನ ಇಬ್ಬರೂ ಸೇತುವೆ ನೋಡಿಕೊಳ್ಳುವ ಕಚೇರಿಗೆ ದೂರು ಕೊಟ್ಟರು. ಗಂಟಲು ಬರೆದದ್ದು, ಸಾಕ್ಷ್ಯ ನಾಶ ಮಾಡಿದ್ದಾನೆ ಅಂತ. ಕತ್ತರಿ ಬರೆದದ್ದು, ಸರಿಯಾಗಿರುವ ಸೇತುವೆಯನ್ನು ರಿಪೇರಿ ಮಾಡಿ ಸರ್ಕಾರಕ್ಕೆ ಅವಮಾನ ಮಾಡಿದ್ದಾನೆ ಅಂತ. ಇಪ್ಪತ್ತು ವರ್ಷದಲ್ಲಿ ಆ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದರೆ ಅದು ನನ್ನ ವಿಷಯದಲ್ಲಿ. ಅಷ್ಟು ವರ್ಷ ದೊಡ್ಡವರೆಲ್ಲ ಸೇರಿ ಮಾಡಲಾಗದ ಒಗ್ಗಟ್ಟನ್ನು ಮೂರು ಹಲಗೆಯಲ್ಲಿ ತಂದವನು ನಿನ್ನ ಮಾಮ.

ಹೋದ ಬುಧವಾರ ಬೆಳಗಾಗುವಷ್ಟರಲ್ಲಿ ಕಚೇರಿಯವರು ಬಂದು ನನ್ನ ಮೂರು ಹಲಗೆ ಕಿತ್ತುಕೊಂಡು ಹೋದರು, ಜೊತೆಗೆ ಪಕ್ಕದ ಒಂದು ಒಳ್ಳೆಯ ಹಲಗೆಯನ್ನೂ. "ಅದು ಸರ್ಕಾರದ್ದೇ ಕಣ್ರಪ್ಪ" ಅಂತ ಬಾಯಿ ಬಡಿದುಕೊಂಡೆ. "ತನಿಖೆ ಆಗ್ಲಿ, ಗೊತ್ತಾಗುತ್ತೆ" ಅಂದರು. ಎರಡು ಅಡಿ ಇದ್ದ ಕಿಂಡಿ ಮೂರು ಅಡಿಯಾಯಿತು. ಅಕ್ಕ ಸುತ್ತು ಹಾಕಿ ಓಡಿದಳು. ಎರಡನೇ ಕೆಂಪು ಗೆರೆ. ಸಂಜೆ ಬಂದವಳು ಬೈಯಲಿಲ್ಲ, ನೀರು ಕುಡಿದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡಳು. ನಿನ್ನಮ್ಮ ಬೈಯದಿದ್ದರೆ ನನಗೆ ಭಯವಾಗುತ್ತದೆ ಕಣೇ.

ಆಗ ನನ್ನ ತಲೆ ಓಡಿತು ನೋಡು. ಸೇತುವೆಗೆ ಹಲಗೆ ಬಡಿದರೆ ತಾನೇ ತಪ್ಪು? ಬಡಿಯದೆ ಇಟ್ಟರೆ? ನಾಲ್ಕೂವರೆ ಅಡಿಯ ಒಂದು ತೇಗದ ಹಲಗೆ ಸಿಕ್ಕಿತು (ಎಲ್ಲಿ ಸಿಕ್ಕಿತು ಅಂತ ಈಗಲೇ ಕೇಳಬೇಡ). ಜಾರದಂತೆ ಅಡಿಯಲ್ಲಿ ಎರಡು ಪಟ್ಟಿ ಹೊಡೆದೆ, ಪಕ್ಕದಲ್ಲಿ ಒಂದು ಹಿಡಿಕೆ. ಬೆಳಿಗ್ಗೆ ಆರೂವರೆಗೆ ಹೊತ್ತುಕೊಂಡು ಹೋಗುತ್ತೇನೆ, ಇಡುತ್ತೇನೆ, ಅಕ್ಕ ದಾಟುತ್ತಾಳೆ, ಕೈಚೀಲದ ಹಾಗೆ ಎತ್ತಿಕೊಂಡು ವಾಪಸು. ಸಂಜೆ ಮತ್ತೆ. ಕಚೇರಿಯವನೊಬ್ಬ "ಇದೇನ್ರೀ" ಅಂದ. "ನನ್ನ ಸ್ವಂತ ಸಾಮಾನು, ಗಾಳಿ ಸೇವನೆಗೆ ಕರ್ಕೊಂಡು ಬಂದಿದ್ದೀನಿ" ಅಂದೆ. ಈಗ ಬೆಳಿಗ್ಗೆ ಆರೂವರೆಗೆ ಅಲ್ಲಿ ನಲವತ್ತು ಜನ ಸಾಲು ನಿಂತಿರುತ್ತಾರೆ.

ನಿನ್ನೆ ನಡೆದದ್ದು ಕೇಳು. ಅಕ್ಕನನ್ನು ದಾಟಿಸಿ ಹಲಗೆ ಎತ್ತಿಕೊಂಡಿದ್ದೆ. ಆಚೆಯಿಂದ ಕತ್ತರಿ, ಈಚೆಯಿಂದ ಗಂಟಲು, ಇಬ್ಬರೂ ಹಿಂಬಾಲಕರ ಸಮೇತ ಓಟು ಕೇಳುತ್ತಾ ಕಿಂಡಿಯ ಆಚೆ ಈಚೆ ಬಂದು ನಿಂತರು. ಕತ್ತರಿ "ಸ್ವಲ್ಪ ಹಲಗೆ ಹಾಕಿ ಬಡಗಿಗಳೇ" ಅಂದ. "ಯಾಕೆ ಸ್ವಾಮಿ, ಸೇತುವೆ ಸರಿಯಾಗಿದೆಯಲ್ಲ, ನಡ್ಕೊಂಡು ಬನ್ನಿ" ಅಂದೆ. ಗಂಟಲು ಕಿಸಕ್ಕನೆ ನಕ್ಕ. ಅವನ ಕಡೆ ತಿರುಗಿ "ನೀವು ಎಲೆಕ್ಷನ್ ಮುಗಿಯೋ ತನಕ ತಡ್ಕೊಳ್ಳಿ" ಅಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಇಬ್ಬರಿಗೂ ನಾಚಿಕೆಯಾಗಲಿಲ್ಲ, ಅದೇ ನನ್ನ ಸಂಕಟ. ಇಬ್ಬರೂ ನನ್ನನ್ನು ಬೇರೆ ಬೇರೆಯಾಗಿ ಕರೆದು ಹೇಳಿದ್ದು ಒಂದೇ ಮಾತು: ಕಿಂಡಿ ಮಾಡಿದ್ದು ಎದುರಾಳಿಯೇ ಅಂತ ಒಂದು ರುಜು ಹಾಕಿ, ನಿಮ್ಮ ಮೇಲಿನ ದೂರು ವಾಪಸು ತಗೋತೀವಿ. ಹಲಗೆ ಹಾಕಿಸುತ್ತೇನೆ ಅಂತ ಒಬ್ಬನಾದರೂ ಅನ್ನಬಾರದಾ? ನಾನು ಯಾವುದಕ್ಕೂ ರುಜು ಹಾಕಲಿಲ್ಲ.

ಹಾಗಾಗಿ ಯಾರಿಗೆ ಅಂತ ನನ್ನನ್ನು ಕೇಳಬೇಡ. ಮುಂದಿನ ಐದು ವರ್ಷ ಕತ್ತರಿ ಯಾರ ಕೈಯಲ್ಲಿ, ಮೈಕು ಯಾರ ಕೈಯಲ್ಲಿ, ಇಷ್ಟೇ ಇಲ್ಲಿ ತೀರ್ಮಾನವಾಗುವುದು. ಹಾಗಂತ ಹಾಕದೆ ಕೂರಬೇಡ, ನೀನು ಹಾಕದಿದ್ದರೆ ನಿನ್ನ ಹೆಸರಿನಲ್ಲಿ ಹಾಕಲು ಇಬ್ಬರ ಕಡೆಯೂ ಜನ ಇದ್ದಾರೆ. ಮೂರನೆಯವರು ಯಾರಾದರೂ ನಿಂತಿದ್ದರೆ ಅವರನ್ನೂ ಹಲಗೆಯ ವಿಷಯ ಕೇಳಿ ನೋಡು. ಹಾಕಿದ ಮೇಲೆ ನನಗೆ ಹೇಳಬೇಡ, ಬೈಯಬೇಕಾಗುತ್ತದೆ.

ಹಲ್ಲು ಬೇಗ ವಾಸಿಯಾಗಲಿ, ನಾಲಿಗೆ ಹೀಗೇ ಚೂಪಾಗಿರಲಿ. ನಿನ್ನ ಕೋಣೆಯ ಗೆಳತಿಯರಿಗೆ, ಇಂಥ ಮಾಮ ಇಲ್ಲದ ಎಲ್ಲರಿಗೂ, ನನ್ನ ಆಶೀರ್ವಾದ.

ಇಂತಿ,
ಸಂದು ಬಿಡಲು ಬಲ್ಲ ಏಕೈಕ ಬಡಗಿ,
ನಿನ್ನ ಮಾಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಓಟು ಹಾಕಿ ಭಾನುವಾರವೇ ಓಡಿಹೋಗಬೇಡ. ಸೋಮವಾರ ನನಗೆ ದೊಡ್ಡ ಕಚೇರಿಯಲ್ಲಿ ವಿಚಾರಣೆ, ಬೆಳಿಗ್ಗೆ ಆರರ ಬಸ್ಸು ಹಿಡಿಯಬೇಕು. ಆರೂವರೆಗೆ ನಿನ್ನಮ್ಮನಿಗೆ ಹಲಗೆ ಇಡುವವರಿಲ್ಲ. ಬೇರೆಯವರಿಗೆ ಕೊಟ್ಟರೆ ಯಾವ ಪಕ್ಷದವರ ಕೈ ಸೇರುತ್ತದೋ. ಇನ್ನೊಂದು ಕೆಂಪು ಗೆರೆ ಬೀಳಬಾರದು. ಬೇಡ, ನಿನ್ನ ಪಾಠ ಕೆಡುತ್ತದೆ ಅಂತ ಅವಳು ಅನ್ನುತ್ತಾಳೆ, ಕೇಳಬೇಡ. ಹಿಡಿಕೆ ಎಡಗೈಗೆ ಬರಲಿ, ಪಟ್ಟಿ ಕೆಳಗೆ. ಇಡುವಾಗ ತಿರುಗಿಸಿದರೆ ಅಡಿಯಲ್ಲಿ 'ಮಾಮ ಸುಳ್ಳುಗಾರ' ಅಂತ ಕೈವಾರದ ಮೊನೆಯಿಂದ ಕೊರೆದದ್ದು ಕಾಣುತ್ತದೆ. ಏಳನೇ ಕ್ಲಾಸಿನಲ್ಲಿ ನೀನೇ ಕೊರೆದದ್ದು. ಬೈಯಬೇಡ ತಾಯಿ, ಅವತ್ತು ಮನೆಯಲ್ಲಿ ಅದಕ್ಕಿಂತ ಗಟ್ಟಿ ಹಲಗೆ ಇರಲಿಲ್ಲ. ಡ್ರಾಯರ್ ಮಾತ್ರ ನಿಜವಾಗಿಯೂ ಮಾಡಿಟ್ಟಿದ್ದೇನೆ, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಮೇಜೊಂದು ಇಲ್ಲ.