ಡಿಕ್ಕಿಯಲ್ಲಿ ಸಿಕ್ಕ ಹೆಪ್ಪು

ಮೋಸೆಲ್ ನದಿಯ ದಂಡೆ, ಕೋಕೆಮ್ ಊರಿನಾಚೆ
ಫೆಬ್ರವರಿ 30, 2213

ಸುಚೇತಾ ಅವರಿಗೆ ಇಂಚರ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರದೆ ಬಿದ್ದಿರುತ್ತವೆ. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆದರೆ ಈ ನೋಟ್‌ಬುಕ್ ಬರೆಯುವಾಗ ನಿಮಗೆ ಮೂವತ್ತೊಂದು, ನನಗಿಂತ ಬರೀ ಎರಡು ವರ್ಷಕ್ಕೆ ದೊಡ್ಡವರು. ಅಜ್ಜಿ ಅಂತ ಕರೆದರೆ ಸಿಟ್ಟಿಗೆದ್ದು ಮುಚ್ಚಿಟ್ಟುಬಿಡುತ್ತೀರೇನೋ ಅಂತ ಹೆಸರು ಹಿಡಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಕೆಳನಾಡಿನ ನೀರಿನಲ್ಲಿ ಇನ್ನೂರು ವರ್ಷ ನೆಂದ ಕನ್ನಡ ಇದು. ನೀವು ಹಾಲೆಂಡ್ ಅನ್ನುತ್ತಿದ್ದಿರಲ್ಲ, ಅದೇ ನಮ್ಮ ಕೆಳನಾಡು.

ನಿಮ್ಮ ಪ್ರವಾಸದ ನೋಟ್‌ಬುಕ್ಕು ನನ್ನ ಹತ್ತಿರ ಇದೆ. ಕಾಲೇಜಿನಲ್ಲಿ ಹಳೆಯ ಕೈಬರಹ ಓದುವುದನ್ನೇ ಕಲಿತವಳು ನಾನು. ಹಾಗಾಗಿ ನಿಮ್ಮ ಅವಸರದ ಅಕ್ಷರ, ಟೀ ಬಿದ್ದ ಪುಟ, ಎಲ್ಲಾ ಓದಬಲ್ಲೆ. ಕೊನೆಯ ಖಾಲಿ ಹಾಳೆಗಳಲ್ಲಿ ಈ ಕಾಗದ ಬರೆಯುತ್ತಿದ್ದೇನೆ. ಇದೇ ಹಾಳೆಗಳು ನಿಮ್ಮ ಕೈಯಲ್ಲೂ ಖಾಲಿಯಾಗಿ ಇವೆ. ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ನಿಜ ಹೇಳಬೇಕು, ಮೊದಲ ಸಲ ಓದಿದಾಗ ನಿಮ್ಮ ಮೇಲೂ ಅನುಮಾನ ಬಂದಿತ್ತು. ಶುಕ್ರವಾರ ಸಂಜೆ ಕಾರು ಹತ್ತಿದರೆ ಭಾನುವಾರ ವಾಪಸ್. ಬ್ರೂಜ್‌ನಲ್ಲಿ ಚಾಕಲೇಟು, ಪ್ಯಾರಿಸ್‌ನಲ್ಲಿ ಮಳೆ, ಕ್ಯೂ, ಕಾಲುನೋವು, ಲಕ್ಸೆಂಬರ್ಗ್‌ನಲ್ಲಿ 'ಪೆಟ್ರೋಲ್ ಅಗ್ಗ' ಅಂತ ಎರಡು ಸಲ ಅಡಿಗೆರೆ. ಸುಮ್ಮನೆ ನೋಡಿಬರಲು ಯಾರಾದರೂ ಅಷ್ಟು ದೂರ ಹೋಗುತ್ತಾರಾ, ಈ ಹೆಂಗಸು ಏನನ್ನೋ ಸಾಗಿಸುತ್ತಿದ್ದಳು ಅಂದುಕೊಂಡೆ. ಆಮೇಲೆ ಪಟ್ಟಿಗಳನ್ನು ಓದಿದೆ. ಇಪ್ಪತ್ತಮೂರು ಪ್ರವಾಸ, ಇಪ್ಪತ್ತಮೂರು ಪಟ್ಟಿ. ಅವಲಕ್ಕಿ, ಚಟ್ನಿಪುಡಿ, ಪುಟ್ಟ ಕುಕ್ಕರ್, ಕೊಡೆ. ಪ್ರತಿ ಪಟ್ಟಿಯ ಕೊನೇ ಸಾಲು ಒಂದೇ: 'ಹೆಪ್ಪು ಮಾರ್ಗ್ರೀತ್‌ಗೆ ಕೊಟ್ಟಾಯ್ತು.'

ಪಕ್ಕದ ಮನೆಯ ಮಾರ್ಗ್ರೀತ್ ಬಗ್ಗೆ ಬರೆದ ಆ ಸಾಲು ಈಗ ನಮ್ಮ ಮನೆಯ ಕಟ್ಟಳೆ. ಹೋಗಿಬರುವ ಪ್ರವಾಸವಾದರೆ ಮೊಸರಿನ ಹೆಪ್ಪು ಪಕ್ಕದ ಮನೆಯಲ್ಲಿ ಉಳಿಯುತ್ತದೆ. ಮನೆ ಖಾಲಿ ಮಾಡುವಾಗ ಮಾತ್ರ ಹೆಪ್ಪು ಗಾಡಿ ಹತ್ತುತ್ತದೆ. ನೀವು ಊರಿಂದ ತಂದದ್ದು ಅಂತ ಹೇಳುವ ಆ ಹೆಪ್ಪು ಇವತ್ತಿಗೂ ಸತ್ತಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ನೀವು ಮನಸ್ಸು ಬಂದಾಗ ಹೊರಡುತ್ತಿದ್ದಿರಿ. ನಮಗೆ ಹಾಗಿಲ್ಲ. ಮನೆಗೆ ವರ್ಷಕ್ಕೆ ಇಷ್ಟು ದೂರ ಅಂತ ರಸ್ತೆಯನ್ನು ಹಂಚುತ್ತಾರೆ. ಅದಕ್ಕೆ ದಾರಿಪಾಲು ಅನ್ನುತ್ತೇವೆ. ಅತ್ತೆಯ ಊರಿಗೆ ಒಂದು ಸಲ ಹೋಗಿಬಂದರೆ ನಮ್ಮ ಪಾಲು ಮುಗಿದೇಹೋಗುತ್ತದೆ. ಗಾಡಿಯ ಹೆಸರು ತಾನೋಡಿ. ತಾನೇ ಓಡುತ್ತದೆ, ದಾರಿ ತಾನೇ ಆರಿಸುತ್ತದೆ, ಗ್ರಂಥದ ಕನ್ನಡದಲ್ಲಿ ಮಾತಾಡುತ್ತದೆ. ಇಷ್ಟು ಮರ್ಯಾದೆಯಾಗಿ ಮಾತಾಡುವ ವಸ್ತುವನ್ನು ನಾನು ಯಾವತ್ತೂ ನಂಬಿದವಳಲ್ಲ.

ಹೀಗಿರುವಾಗ ಹೋದ ತಿಂಗಳು ನೀರ್ಕಚೇರಿಯಿಂದ ಒಂದು ಓಲೆ ಬಂತು. ಸಮುದ್ರದ ಒಡ್ಡು, ಕಾಲುವೆ, ತೂಬುಗಳನ್ನು ನೋಡಿಕೊಳ್ಳುವ ಕಚೇರಿ ಅದು. ಮಗು ಹುಟ್ಟಿದ್ದಕ್ಕೆ ಉಡುಗೊರೆಯಂತೆ: ನಾಲ್ಕು ದಿನದ ಪ್ರವಾಸ, ಹೆಚ್ಚಿನ ದಾರಿಪಾಲು, ಉಳಿಯಲು ತಂಗುಮನೆ. ನನ್ನ ಗಂಡ ಮಲ್ಲಿನಾಥ ಮಗುವನ್ನೆತ್ತಿಕೊಂಡು ಕುಣಿದ. ನಾನು ಓಲೆಯನ್ನು ಮೂರು ಸಲ ಓದಿದೆ. ಹೊನ್ನಿ ಹುಟ್ಟಿ ಎಂಟು ತಿಂಗಳಾಯಿತು. ಇಷ್ಟು ದಿನ ಇಲ್ಲದ ಪ್ರೀತಿ ಕಚೇರಿಗೆ ಈಗ ಎಲ್ಲಿಂದ ಉಕ್ಕಿತು?

ಅನುಮಾನಕ್ಕೆ ಕಾರಣ ಇತ್ತು. ಸಮುದ್ರ ಏರುತ್ತಲೇ ಇದೆ. ಉಳಿಸಲಾಗದ ಬೀದಿಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಾರೆ. ಮೊದಲೆಲ್ಲ ನೋಟಿಸು ಅಂಟಿಸುತ್ತಿದ್ದರು, ಜನ ಹೊಸ್ತಿಲಿಗೆ ಅಡ್ಡ ಮಲಗಿದರು. ಈಗ ನೋಟಿಸಿನ ಬದಲು ರಜೆ ಕೊಡುತ್ತಾರಂತೆ. ಜನ ಅದಕ್ಕೆ ಸವಿರಜೆ ಅಂತ ಹೆಸರಿಟ್ಟಿದ್ದಾರೆ. ನಗುತ್ತಾ ಹೊರಟವರ ಕೈಗೆ ನಾಲ್ಕನೇ ದಿನ ಯಾವುದೋ ಬೆಟ್ಟದ ಮೇಲಿನ ಹೊಸ ಮನೆಯ ಬೀಗದಕೈ ಇಡುತ್ತಾರಂತೆ. ಮನೆಯಲ್ಲಿ ಗಂಡನಿಗೋ ಹೆಂಡತಿಗೋ ಒಬ್ಬರಿಗೆ ಮಾತ್ರ ಮೊದಲೇ ತಿಳಿಸಿ, ಬಾಯಿ ಬಿಡುವುದಿಲ್ಲ ಅಂತ ಆಣೆ ಹಾಕಿಸುತ್ತಾರಂತೆ. ಬೀದಿಗೆ ಹಿರಿಯರಾದವರಿಗೂ ಗೊತ್ತಿರುತ್ತದಂತೆ. ಅವರು ಕೊನೆಯವರೆಗೂ ಉಳಿದು, ಎಲ್ಲರೂ ಹೋದಮೇಲೆ ತಮ್ಮ ಕೈಯಾರೆ ತೂಬು ತೆಗೆಯಬೇಕಂತೆ, ಆಮೇಲೆ ಅವರನ್ನು ದೋಣಿಯಲ್ಲಿ ಕರೆತರುತ್ತಾರಂತೆ. ಎಲ್ಲಾ ಅಂತೆ. ಹಾಗೆ ಕರೆತಂದ ಒಬ್ಬ ಹಿರಿಯರನ್ನೂ ನೋಡಿದವರು ನನಗೆ ಸಿಕ್ಕಿಲ್ಲ.

ಮಲ್ಲಿಯ ಹತ್ತಿರ ಇದನ್ನು ಹೇಳಿದರೆ, "ಎಂಟು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡಿಲ್ಲ ನೀನು. ತೊಟ್ಟಿಲ ಮೇಲೂ ಅನುಮಾನ ಪಡ್ತೀಯ," ಅಂದ. ನಿದ್ದೆ ಇಲ್ಲದ್ದು ನಿಜ. ಹೊನ್ನಿ ಎರಡು ಗಂಟೆಗೊಮ್ಮೆ ಏಳುತ್ತಾಳೆ. ಆದರೆ ನಿದ್ದೆಗೆಟ್ಟವಳಿಗೆ ಕಣ್ಣು ತೆರೆದಿರುವ ಹೊತ್ತು ಜಾಸ್ತಿ ಅಲ್ಲವೇ? ಕಾಣುವುದೂ ಜಾಸ್ತಿ.

ಹೊರಡುವ ಹಿಂದಿನ ಸಂಜೆ ಕಟ್ಟಳೆಯಂತೆ ಹೆಪ್ಪನ್ನು ಗಾಜಿನ ಶೀಶೆಗೆ ಹಾಕಿ ಯೋಕೆ ಅಜ್ಜಿಗೆ ಕೊಟ್ಟೆ. ಅವರು ನಿಮ್ಮ ಮಾರ್ಗ್ರೀತ್ ಅವರ ಮನೆತನದವರೇ. ಆರು ತಲೆಮಾರಿನಿಂದ ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಎಪ್ಪತ್ತೊಂಬತ್ತು ವರ್ಷ, ಬೀದಿಗೆಲ್ಲ ಹಿರಿಯರು. ಬರುವ ಕನ್ನಡ ಹದಿನೈದು ಮಾತು ಇದ್ದರೆ ಹೆಚ್ಚು: ಮೊಸರು, ಸಾಕು, ಇನ್ನೊಂಚೂರು, ಹೊನ್ನಿಯನ್ನು ಕಂಡರೆ ಕಳ್ಳಿ, ಯಾರಾದರೂ ಹೊರಟರೆ ಹೋಗ್ಬನ್ನಿ. ಬೆಳಿಗ್ಗೆ ಹೊನ್ನಿಯ ಹೊದಿಕೆಯ ಗಂಟನ್ನು ತಾವೇ ಹೊತ್ತು ತಂದು ಡಿಕ್ಕಿಯಲ್ಲಿಟ್ಟರು. ಮಲ್ಲಿ ಎಂದಿನ ಹಾಗೆ, "ಹೋಗ್ಬರ್ತೀವಿ ಅಜ್ಜಿ, ಬೇಲಿ ಹಾರಿ ನಮ್ಮ ಕ್ಯಾರೆಟ್ ಕದೀಬೇಡಿ," ಅಂದ. ನಿಮ್ಮದು ಕ್ಯಾರೆಟ್ಟಲ್ಲ, ಇಲಿಯ ಬಾಲ ಅಂತ ತಿರುಗಿ ಬೈಯಬೇಕಿತ್ತು ಅವರು. ಬೈಯಲಿಲ್ಲ. ಹೊನ್ನಿಯ ಪಾದ ಹಿಡಿದುಕೊಂಡು, "ಹೋಗಿ. ಹೋಗಿ," ಅಂದರು, ಅಷ್ಟೇ. ಹಲ್ಲಿನ ಸೆಟ್ಟು ಸಡಿಲವಾಗಿ ಮಾತು ಅರ್ಧಕ್ಕೆ ನಿಂತಿರಬೇಕು ಅಂದುಕೊಂಡೆ. ಎಲ್ಲರ ಮೇಲೂ ಅನುಮಾನ ಪಡುವ ನನಗೆ ಅವರ ಮೇಲೆ ಮಾತ್ರ ಬರಲಿಲ್ಲ ನೋಡಿ.

ಮೊದಲ ದಿನ ಆರ್ದೆನ್ ಕಾಡುಗಳನ್ನು ದಾಟಿ ಲಕ್ಸೆಂಬರ್ಗ್. ಇಬ್ಬರೂ ಹುಟ್ಟಿದಾಗಿನಿಂದ ಗುಡ್ಡ ಕಂಡವರಲ್ಲ, ಏರಿನಲ್ಲಿ ಕಿವಿ ಗುಂಯ್ ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ನಗುತ್ತಲೇ ನಾನು ತಾನೋಡಿಯನ್ನು ಕೇಳಿದೆ, ಇಲ್ಲಿಂದ ಮನೆಗೆ ಎಷ್ಟು ದೂರ ಅಂತ. "ವಿಹಾರದ ವೇಳೆಯಲ್ಲಿ ಹಿಂದಿರುಗುವ ಚಿಂತೆ ಶೋಭಿಸದು, ತಾಯೀ," ಅಂತು. ಕೇಳಿದ್ದು ದೂರ, ಹೇಳಿದ್ದು ಉಪದೇಶ. ತಂಗುಮನೆಯಲ್ಲಿ ಎಲ್ಲರೂ ಕೆಳನಾಡಿನವರೇ, ಎಲ್ಲರ ಕಂಕುಳಲ್ಲೂ ಕೂಸು. ಪಕ್ಕದ ಕೋಣೆಯವರು ಗೋಡೆ ಗಡಿಯಾರ ತಂದಿದ್ದರು. ನಾಲ್ಕು ದಿನದ ರಜೆಗೆ ಗೋಡೆ ಗಡಿಯಾರ! "ಟೈಮ್ ನೋಡೋ ಚಟ ಇರಬಹುದು ಬಿಡೇ," ಅಂದ ಮಲ್ಲಿ. ಆ ಹೆಂಗಸು ಗಡಿಯಾರವನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದಳು. ಗಂಡ ಮಾತ್ರ ಯಾರ ಕಣ್ಣಿಗೂ ಕಣ್ಣು ಕೊಡುತ್ತಿರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಒಣಬಟ್ಟೆಗೆ ಅಂತ ಡಿಕ್ಕಿಯಲ್ಲಿ ಹೊನ್ನಿಯ ಗಂಟು ಬಿಚ್ಚಿದೆ. ಹೊದಿಕೆಯ ನಡುವೆ, ಉಣ್ಣೆಯ ಟೋಪಿಯೊಳಗೆ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ಸರಿಸಿದರೆ ಮೊಸರು. ಹೆಪ್ಪು ಗಾಡಿ ಹತ್ತಿದೆ. ನಾನು ಅಜ್ಜಿಗೆ ಕೊಟ್ಟದ್ದು ಗಾಜಿನ ಶೀಶೆ, ಇದು ನಮ್ಮ ಅಡುಗೆಮನೆಯ ಡಬ್ಬಿ. ಹಾಗಾದರೆ ನಮ್ಮ ಮನೆಯವರೇ ಇಟ್ಟಿರಬೇಕು. ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ?

ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಾಯಿ ಹೊಲಿದುಕೊಂಡೆ. ಇಡೀ ದಿನ ಅವನನ್ನು ನೋಡುತ್ತಾ ಕೂತೆ. ಮೋಸೆಲ್ ದಂಡೆಯ ಇಳಿಜಾರುಗಳಲ್ಲಿ ನಿಮ್ಮ ಕಾಲದ ದ್ರಾಕ್ಷಿ ಈಗಿಲ್ಲ, ಸಾಲುಸಾಲು ದಾಳಿಂಬೆ, ಆಗತಾನೆ ಚಿಗುರಿದ್ದವು. ಮೇಲೆ ಕೋಟೆ. ಮಲ್ಲಿ ಹೊನ್ನಿಗೆ ಕೋಟೆ ತೋರಿಸಿದರೆ, ಹೊಸ ಊರನ್ನು ಅಭ್ಯಾಸ ಮಾಡಿಸುತ್ತಿದ್ದಾನೆ ಅನ್ನಿಸಿತು. ಗುನುಗಿದರೆ ನಾಟಕ, ಸುಮ್ಮನಿದ್ದರೆ ಗುಟ್ಟು. ಆರು ವರ್ಷ ಜೊತೆ ಮಲಗಿದವನು ನನ್ನ ಮನೆಯನ್ನು ನನ್ನಿಂದಲೇ ಕದ್ದು ಹೊರಟಿದ್ದಾನೆ ಅಂತಲೇ ಅಂದುಕೊಂಡೆ.

ಇವತ್ತು ಮೂರನೇ ದಿನ. ತಿಂಡಿಯ ಹೊತ್ತಿಗೆ ತಡೆಯಲಾಗಲಿಲ್ಲ. ಡಬ್ಬಿಯನ್ನು ತಂದು ಅವನ ತಟ್ಟೆಯ ಪಕ್ಕ ಕುಕ್ಕಿ, "ಇದೇನು?" ಅಂದೆ.

ಅವನು ಡಬ್ಬಿಯನ್ನು ನನ್ನ ಕಡೆಗೇ ತಳ್ಳಿದ. "ಅದನ್ನ ನಾನು ಕೇಳಬೇಕು," ಅಂದ. "ಲಕ್ಸೆಂಬರ್ಗ್‌ನಲ್ಲೇ ನೋಡ್ದೆ. ನೀನೇ ಇಟ್ಟಿದೀಯ, ಕಚೇರಿಯವರು ನಿನಗೆ ಹೇಳಿದಾರೆ, ನನಗೆ ಹೇಳೋಕೆ ನಿನಗೆ ಆಗ್ತಿಲ್ಲ ಅಂದ್ಕೊಂಡೆ. ನಿನ್ನೆಯಿಂದ ನಿನ್ನ ನೋಟ ನೋಡಿ ಎದೆ ಹೊಡ್ಕೋತಿದೆ ಕಣೇ."

ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದೆವು, ಕಳ್ಳರ ಹಾಗೆ. ಅವನ ಮಾತು ನಂಬಲೋ ಬೇಡವೋ ತಿಳಿಯದೆ ಬೆರಳ ತುದಿಯಲ್ಲಿ ಒಂಚೂರು ಮೊಸರು ತೆಗೆದು ನಾಲಗೆಗಿಟ್ಟೆ. ಹುಳಿ ಹತ್ತಿತ್ತು. ಹುಳಿಯ ಹಿಂದೆ ಸೋಂಪಿನ ವಾಸನೆ.

ಸೋಂಪು ಹಾಕದೆ ಹಾಲು ಕಾಯಿಸದವರು ನಮ್ಮ ಬೀದಿಯಲ್ಲಿ ಒಬ್ಬರೇ, ಯೋಕೆ ಅಜ್ಜಿ. ಹಬ್ಬಕ್ಕೆ ಪಾಯಸ ಹಾಕಿ ಕಳಿಸಿದ್ದೆನಲ್ಲ, ಆ ಡಬ್ಬಿ ಅವರಲ್ಲೇ ಉಳಿದಿತ್ತು. ನಾನು ಕೊಟ್ಟ ಹೆಪ್ಪನ್ನು ಅವತ್ತೇ ತಮ್ಮ ಹಾಲಿಗೆ ಹಾಕಿ, ಹೊಸದಾಗಿ ಮೊಸರು ಮಾಡಿ, ಬೆಳಿಗ್ಗೆ ಹೊದಿಕೆಯಲ್ಲಿ ಸುತ್ತಿ ತಂದಿದ್ದಾರೆ. ಗೊತ್ತಿದ್ದದ್ದು ಅವರಿಗೆ. ಆಣೆ ಹಾಕಿಸಿ ಬಾಯಿ ಕಟ್ಟಿದ್ದರು, ಆದರೆ ನಮ್ಮ ಕಟ್ಟಳೆ ಅವರಿಗೆ ನಮ್ಮಷ್ಟೇ ಗೊತ್ತು. ಹೆಪ್ಪು ಗಾಡಿ ಹತ್ತಿದರೆ ಅದರ ಅರ್ಥ ಏನು ಅಂತ ಗೊತ್ತು. ಹಲ್ಲಿನ ಸೆಟ್ಟು ನೆಟ್ಟಗೇ ಇತ್ತು. ಬನ್ನಿ ಅನ್ನುವುದನ್ನು ಬೇಕೆಂದೇ ನುಂಗಿಕೊಂಡು ಹೋಗಿ ಅಂದಿದ್ದರು.

ಮಲ್ಲಿ ಡಬ್ಬಿಯ ಮುಚ್ಚಳ ಬಿಗಿಮಾಡಿದ. "ಹಾಗಾದ್ರೆ ತೂಬು ತೆಗೆಯೋದು ಅಜ್ಜಿ," ಅಂದ. ನಾನು, "ನಾಳೆ," ಅಂದೆ. ವಾಪಸ್ ಹೋಗುವುದಕ್ಕೆ ಬೇರೆ ಚರ್ಚೆ ಬೇಕಾಗಲಿಲ್ಲ.

ತಾನೋಡಿ ತಿರುಗಲು ಒಪ್ಪಲಿಲ್ಲ. "ಆ ಮಾರ್ಗವು ವಿಹಾರಕ್ಕೆ ತೆರೆದಿಲ್ಲ." ಮಗುವಿನ ಆಹಾರವೋ ಔಷಧಿಯೋ ಮನೆಯಲ್ಲಿ ಮರೆತುಹೋಗಿದ್ದರೆ ಯಾವ ಗಾಡಿಯೂ ವಾಪಸ್ ಹೋಗಲೇಬೇಕು ಅಂತ ಒಂದು ನಿಯಮ ಇದೆ. ನಿದ್ದೆಗೆಟ್ಟ ತಾಯಂದಿರು ಅಂಥ ಸಣ್ಣಕ್ಷರಗಳನ್ನೂ ಓದಿರುತ್ತಾರೆ. ಕಂದನ ಆಹಾರ ಮರೆತು ಬಂದಿದ್ದೇವೆ ಅಂದೆ. ಯಾವ ಆಹಾರ ಅಂತ ಕೇಳಿತು. ಹೆಪ್ಪು ಅಂದೆ. "ಹೆಪ್ಪು ಆಹಾರವೇ, ತಾಯೀ?" ಅಂತು. "ಅದಿಲ್ಲದೆ ನಮ್ಮಲ್ಲಿ ಊಟವೇ ಮುಗಿಯಲ್ಲ," ಅಂದೆ. ಡಬ್ಬಿ ನನ್ನ ಮಡಿಲಲ್ಲೇ ಇತ್ತು. "ಬಿಸಿಲು ತುಂಬಿಕೊಂಡು ಹೊರಡೋಣ," ಅಂತು. ಅದು ಬಿಸಿಲು ತುಂಬಿಕೊಳ್ಳುವ ಈ ಎರಡು ಗಂಟೆಯಲ್ಲಿ, ಹೊನ್ನಿ ಮಲಗಿರುವಾಗ, ಇದನ್ನು ಬರೆಯುತ್ತಿದ್ದೇನೆ. ಅದು ಪೂರ್ತಿ ನಂಬಿತು ಅಂತ ನಾನು ನಂಬಿಲ್ಲ. ದಾರಿಯುದ್ದಕ್ಕೂ ಕಣ್ಣು ಬಿಟ್ಟೇ ಕೂರುತ್ತೇನೆ. ಹೊನ್ನಿಯ ಪಕ್ಕದ ಸೀಟು ಖಾಲಿ ಮಾಡಿಟ್ಟಿದ್ದೇವೆ. ಅಜ್ಜಿ ಹತ್ತುವುದಿಲ್ಲ ಅಂತ ಹಟ ಮಾಡುತ್ತಾರೆ, ಗೊತ್ತು. ಕ್ಯಾರೆಟ್ ಕಿತ್ತುಕೊಂಡೇ ಬರಲಿ, ಹೊತ್ತುಕೊಂಡಾದರೂ ಕೂರಿಸುತ್ತೇವೆ.

ಈಗ ನಿಮ್ಮಲ್ಲಿ ಒಂದು ಬಿನ್ನಹ. ಆರನೇ ಪ್ರವಾಸದ ಪಟ್ಟಿಯ ಕೆಳಗೆ ಹೀಗೆ ಬರೆದಿದ್ದೀರಿ: 'ಮಾರ್ಗ್ರೀತ್‌ಗೆ ಹೋಗ್ಬನ್ನಿ ಹೇಳಿಕೊಡೋಕೆ ಅರ್ಧ ಗಂಟೆ. ಹೋಗಿ, ಹೋಗಿ ಅಂತಲೇ ಅಂತಾಳೆ. ಹೆಪ್ಪು ಯಾಕೆ ಅಂತ ಬೇರೆ ಕೇಳ್ತಾಳೆ. ಸಾಕಪ್ಪಾ. ಮುಂದಿನ ಸಲ ಚೆಲ್ಲಿ ಹೋಗ್ತೀನಿ, ಅಂಗಡೀಲಿ ಮೊಸರು ಸಿಗಲ್ವಾ?' ಏಳನೇ ಪಟ್ಟಿಯಲ್ಲಿ ಮತ್ತೆ ಅದೇ ಸಾಲು ಇದೆ, ಹೆಪ್ಪು ಮಾರ್ಗ್ರೀತ್‌ಗೆ ಕೊಟ್ಟಾಯ್ತು ಅಂತ. ನಡುವೆ ನಿಮ್ಮ ಮನಸ್ಸು ಯಾಕೆ ಬದಲಾಯಿತು ಅಂತ ಎಲ್ಲೂ ಬರೆದಿಲ್ಲ. ಆರಕ್ಕೂ ಏಳಕ್ಕೂ ನಡುವೆ ಈ ಕಾಗದ ನಿಮ್ಮ ಕೈಗೆ ತಲುಪಿತ್ತು ಅಂದುಕೊಳ್ಳಬಹುದು. ಆದರೆ ಹಾಗೆ ನಂಬಿಕೊಂಡು ಸುಮ್ಮನೆ ಕೂರುವ ಹೆಂಗಸು ನಾನಲ್ಲ, ಅದಕ್ಕೇ ಬರೆದೆ.

ಚೆಲ್ಲಬೇಡಿ. ಇವತ್ತೇ ಬೇಲಿಯ ಹತ್ತಿರ ಹೋಗಿ ಮಾರ್ಗ್ರೀತ್ ಅವರನ್ನು ಕರೆಯಿರಿ. ಹೆಪ್ಪು ಯಾಕೆ ಬಿಟ್ಟು ಹೋಗುತ್ತೀರಿ, ಯಾವಾಗ ಒಯ್ಯುತ್ತೀರಿ, ಎರಡನ್ನೂ ಹೇಳಿ. ಹೋಗಿ ಅಂದರೆ ಏನು, ಹೋಗ್ಬನ್ನಿ ಅಂದರೆ ಏನು, ಆಕೆಗೆ ಚೆನ್ನಾಗಿ ಮನದಟ್ಟಾಗುವವರೆಗೂ ಬಿಡಬೇಡಿ. ತಪ್ಪಿದರೆ ನಗಬೇಡಿ, ತಿದ್ದಿ.

ತಾನೋಡಿ ಕರೆಯುತ್ತಿದೆ. ಬರ್ತೀನಿ.

ಇಂಚರ