ಇಸ್ತ್ರಿ ಹಾಕಿದ ಮುಖ

ಭಾನುವಾರ, ಊಟದ ಮೇಲೆ

ಮುನಿಸಿಕೊಂಡು ಕುಳಿತಿರುವ ನನ್ನ ಮಗಳಿಗೆ ಅಪ್ಪನ ಅಕ್ಕರೆಯ ಆಶೀರ್ವಾದಗಳು.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವ ಮುಂಚೆ ಒಳಗಿಟ್ಟಿರುವ ಫೋಟೋ ನೋಡು.

ಹೋದ ವಾರ ಕಳಿಸಿದ ಫೋಟೋದಲ್ಲಿ ನನ್ನ ಪಕ್ಕ ನಿಂತಾಕೆಯನ್ನು ನೋಡಿ, ಇವಳು ನನಗಿಂತ ಚಿಕ್ಕವಳು, ಅಪ್ಪಾ ನಿನಗೇನು ಅರವತ್ತಕ್ಕೆ ಅರಳು ಮರಳಾ ಅಂತ ಕೇಳಿದೆಯಲ್ಲ. ನನಗೆ ಅರವತ್ತೆಂಟು, ಆ ಗಾದೆಯ ಅವಧಿ ಮುಗಿದುಹೋಗಿದೆ. ಆಕೆಗೆ ಅರವತ್ತೊಂದು. ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾರೆ. ನಿಮ್ಮಮ್ಮನ ಯಂತ್ರವನ್ನು ಹೊತ್ತುಕೊಂಡು ಹೋದಾಗ ಪರಿಚಯ. ಮೊಮ್ಮಕ್ಕಳಿದ್ದಾರೆ ಕಣೆ ಆಕೆಗೆ. ತಪ್ಪೆಲ್ಲ ನೀನೇ ಕೊಡಿಸಿದ ಹೊಸ ಫೋನಿನದು.

ಮುಖ ಕಂಡರೆ ಸಾಕು, ಇಸ್ತ್ರಿ ಹಾಕಿಬಿಡುತ್ತದೆ. ಮುಸ್ಸಂಜೆಯಲ್ಲಿ ತೆಗೆದರೆ ನಡುಮಧ್ಯಾಹ್ನ. ಆಕೆಯ ಕೆನ್ನೆಯ ಗೆರೆ, ಗಲ್ಲಕ್ಕೆ ಮೆತ್ತಿದ ಎಣ್ಣೆ, ಎಲ್ಲ ಮಾಯ. ನನ್ನ ನೆತ್ತಿಯ ಮೇಲೆ ಇಲ್ಲದ ಕೂದಲನ್ನೂ ನೆಟ್ಟಿತ್ತು. ಅದು ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ಲ. ಕಾಲೇಜಿನಲ್ಲಿ ಓದಿದ್ದೆ, ದಿ ಕ್ಯಾಮೆರಾ ನೆವರ್ ಲೈಸ್ ಅಂತಲೋ ಆಲ್ವೇಸ್ ಲೈಸ್ ಅಂತಲೋ. ಪರೀಕ್ಷೆಯಲ್ಲಿ ಏನು ಬರೆದೆನೋ, ಪಾಸಂತೂ ಆದೆ.

ಎಲ್ಲಿದ್ದೆ? ಹಾಂ, ಫೋಟೋ. ನಿನ್ನ ಮಾತು ಆಕೆಯ ಕಿವಿಗೂ ಬಿತ್ತು, ನಾನೇ ಬಾಯಿಬಿಟ್ಟೆ. ಮಗಳು ಬಂದು ನೋಡೋ ತನಕ ಸಂಜೆ ಟೀಗೆಲ್ಲ ಬರಬೇಡಿ ಯಜಮಾನ್ರೇ, ಬಂದರೆ ಗಿರಾಕಿ ಥರ ಬನ್ನಿ ಅಂದುಬಿಟ್ಟರು. ಅದಕ್ಕೇ ನಿನ್ನೆ ಬೀರುವಿನಿಂದ ಹಳೆಯ ಫೋನು ಹೊರತೆಗೆದು, ಗಿರಾಕಿ ಥರ ಆಕೆಯ ಅಂಗಡಿಗೆ ಹೋದೆ. ಚಾರ್ಜರ್ ಚುಚ್ಚಿದ್ದರಷ್ಟೇ ಅದಕ್ಕೆ ಜೀವ, ಹಾಗಾಗಿ ಗೋಡೆಗೆ ಕಟ್ಟಿಹಾಕಿದ ಕರುವಿನಂತೆ ಅಲ್ಲೇ ನಿಂತು ಪಕ್ಕದ ಸಲೂನಿನವನು ಫೋಟೋ ತೆಗೆದ. ಅಲುಗಾಡಬೇಡಿ ಅಂದ. ಆಕೆ ನಕ್ಕರು, ಅಲುಗಿದರು.

ನೋಡು, ಕೈ ಮಸುಕು. ಬಲ್ಬಿನ ಹಳದಿ ಬೆಳಕು ಹಳದಿಯಾಗೇ ಇದೆ, ಮೂಲೆಯ ಕತ್ತಲು ಕತ್ತಲಾಗೇ ಇದೆ, ಮೇಲೆಲ್ಲ ಎಳ್ಳು ಉದುರಿಸಿದಂಥ ಚುಕ್ಕಿ. ಗೆರೆಗಳೆಲ್ಲ ಹಾಜರ್. ನಿಮ್ಮಮ್ಮ ಕೂಡ ಆ ಫೋನಿನಲ್ಲಿ ಹೀಗೇ ಇದ್ದಾಳೆ: ಪಾತ್ರೆ ತೊಳೆಯುತ್ತಾ ತಿರುಗಿ, ಬೇಡ ಅಂತ ಸೋಪಿನ ಕೈ ಅಡ್ಡ ಹಿಡಿದು, ಅರ್ಧ ಮಂಜಾಗಿ. ಕೆಟ್ಟ ಫೋಟೋ ಅನ್ನುತ್ತೀಯ. ನನಗೆ ಈಗಲೂ ಅವಳು ಬೈದದ್ದು ಕೇಳಿಸುತ್ತದೆ.

ಒಂದು ಸಲ ಬಾ, ಕಣ್ಣಾರೆ ನೋಡು. ಟೀ ಕುಡಿಯುವ ಸ್ನೇಹ, ಅಷ್ಟೆ.

ಇಂತಿ,
ಬೋಳುತಲೆಯ ನಿನ್ನ ಅಪ್ಪ

ಮರೆತಿದ್ದೆ: ಟೀ ಅಷ್ಟೆ ಅಂದದ್ದು ಪೂರ್ತಿ ನಿಜವಲ್ಲ. ಮದುವೆ ನೋಂದಣಿಗೆ ಸಾಕ್ಷಿಗಳ ಸಹಿ ಬೇಕಂತೆ. ಆಕೆಯ ಕಡೆಯಿಂದ ಅಣ್ಣ ಬರುತ್ತಾರೆ. ನಿಮ್ಮ ಕಡೆಯಿಂದ ನಾನೇ ಬರ್ತೀನಿ ಅಂತ ಸಲೂನಿನವನು ತುದಿಗಾಲಲ್ಲಿ ನಿಂತಿದ್ದಾನೆ. ತಡಿಯಪ್ಪ, ಮಗಳನ್ನ ಕೇಳಬೇಕು ಅಂದಿದ್ದೇನೆ.