ಎರಡು ಸಲ ರೈಲು ನಿಲ್ಲಿಸಿದ ಮಳೆಗಾಲ

ಜೂನ್ 17, ಮಂಗಳವಾರ

ಇವತ್ತೂ ಬೋಗಿಯ ಕೆಳಗೆ ಮಲಗಿ ಎದ್ದಾಯಿತು. ಬೆನ್ನೆಲ್ಲ ಗ್ರೀಸು. ಕೇಬಲ್ಲಿಗೆ ನೀರು ಹೊಕ್ಕಿಲ್ಲ, ಪುಣ್ಯ. ಚಿಕ್ಕಮಗಳೂರಿಗೆ ಬಂದು ನಿಂತ ರೈಲು ಮತ್ತೆ ಕಡೂರಿನ ಕಡೆ ಹೊರಡುವುದರೊಳಗೆ ಎಲ್ಲ ಮುಗಿಸಬೇಕು. ಧರ್ಮೇಶ್ ಟಾರ್ಚ್ ಹಿಡಿಯುತ್ತಾನೆ, ನಾನು ಸ್ಪ್ಯಾನರ್.

"ಪಿಎಚ್‌ಡಿ ಮಾಡ್ತಿದೀಯೋ, ಗ್ಯಾರೇಜ್ ಇಟ್ಟಿದೀಯೋ ಮಾರಾಯ್ತಿ?" ಅಂದ.

ಎರಡೂ. ಅವನೂ ನನ್ನ ಹಾಗೆಯೇ ಸ್ಕಾಲರ್, ಒಂದು ವರ್ಷ ಜೂನಿಯರ್. ಬೈಯುತ್ತಲೇ ಕೆಲಸ ಮಾಡುವ ಜಾತಿ.

ಚಕ್ರದ ಪಕ್ಕ ನಾವು ಕೂರಿಸಿರುವ ಸೆನ್ಸರ್ ಡಬ್ಬಿ ಹಳಿಯ ಪ್ರತಿ ಕುಲುಕನ್ನೂ ಅಳೆಯುತ್ತದೆ. ದಿನವೂ ಅದೇ ರೈಲು, ಅದೇ ದಾರಿ. ನಿನ್ನೆಯ ಗ್ರಾಫಿನ ಮೇಲೆ ಇವತ್ತಿನದನ್ನು ಇಟ್ಟರೆ ಹಳಿ ಎಲ್ಲಿ ಸಡಿಲವಾಗುತ್ತಿದೆ ಎಂದು ಕಣ್ಣಿಗೆ ಬೀಳುವ ಮೊದಲೇ ತಿಳಿಯಬೇಕು. ತಿಳಿಯಬೇಕು... ಇನ್ನೂ ಸಾಬೀತಾಗಿಲ್ಲ. ಇದೇ ನನ್ನ ಥೀಸಿಸ್.

ಅಮ್ಮನ ಫೋನ್. ಬಾಳೂರಿನಲ್ಲಿ ಮಳೆ ಹಿಡಿದಿದೆಯಂತೆ, ಎಸ್ಟೇಟಿನಲ್ಲಿ ಗಿಡ ನೆಡುವ ಕೆಲಸ ಶುರು. "ನಿನ್ ಕೆಲ್ಸ ಏನು ಅಂತ ಲೈನ್ ಮನೆಯೋರೆಲ್ಲ ಕೇಳ್ತಾರೆ ಕಣೇ. ರೈಲಿಗೆ ಜ್ವರ ನೋಡೋದು ಅಂತ ಹೇಳಿದೀನಿ." ನನ್ನ ಗೈಡ್ ವಿಶ್ವನಾಥ್ ಸರ್ ಕೂಡ ಇಷ್ಟು ಚೆನ್ನಾಗಿ ಹೇಳಿಲ್ಲ.

ಜೂನ್ 25, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ರೈಲು ಬಂತು. ಲ್ಯಾಪ್‌ಟಾಪ್ ತೆರೆದರೆ ಒಂದು ತಿರುವಿನಲ್ಲಿ ಗ್ರಾಫು ಪರದೆ ದಾಟಿ ಹೋಗಿದೆ. ಅಂಥ ಹೊಡೆತ ಒಂದು ದಿನವೂ ಕಂಡಿರಲಿಲ್ಲ. ಹಳಿ ಮುರಿದಿರಬೇಕು ಅನ್ನಿಸಿತು. ಟ್ರ್ಯಾಕ್ ನೋಡಿಕೊಳ್ಳುವ ಸೆಕ್ಷನ್ ಎಂಜಿನಿಯರ್ ದೇವರಾಜ್ ಅವರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಕೇಳಿದರು: "ಖಾತ್ರಿನಾ ಮೇಡಂ?" ಖಾತ್ರಿ ಅಂದೆ. ಹೊರಡಬೇಕಿದ್ದ ರೈಲು ಪ್ಲಾಟ್‌ಫಾರ್ಮಿನಲ್ಲೇ ನಿಂತಿತು.

ಹಳಿ ಕಾಯುವ ಗ್ಯಾಂಗಿನವರು ಸುರಿಯುವ ಮಳೆಯಲ್ಲಿ ಆ ತಿರುವನ್ನೆಲ್ಲ ನಡೆದು ನೋಡಿದರು. ಏನೂ ಇಲ್ಲ. ಮತ್ತೆ ನೋಡಿದರು. ಏನೂ ಇಲ್ಲ.

ಅಷ್ಟೂ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಜನ. ಇಸ್ತ್ರಿ ಮಾಡಿದ ಚೂಡಿದಾರದ ಹುಡುಗಿಯೊಬ್ಬಳು, ಕೈಯಲ್ಲಿ ಫೈಲು, ನನ್ನ ಕುತ್ತಿಗೆಯ ಐಡಿ ಕಾರ್ಡ್ ನೋಡಿ ಹತ್ತಿರ ಬಂದಳು. "ಮೇಡಂ, ಯಾವಾಗ ಬಿಡ್ತಾರೆ? ಕಡೂರಲ್ಲಿ ಇನ್ನೊಂದು ರೈಲು ಹಿಡೀಬೇಕು. ನರ್ಸ್ ಕೆಲ್ಸದ ಇಂಟರ್‌ವ್ಯೂ ಇದೆ." ಈಗ ಬಿಡ್ತಾರೆ ಅಂದೆ. ಬಿಡಲಿಲ್ಲ. ಬಿಡುವ ಹೊತ್ತಿಗೆ ಅವಳು ಬೆಂಚಿನ ಮೇಲೆ ಫೈಲು ತಬ್ಬಿಕೊಂಡು ಅಳುತ್ತಿದ್ದಳು. ರೈಲು ಹತ್ತಲೇ ಇಲ್ಲ.

ಜೂನ್ 26, ಗುರುವಾರ

ಬೋಲ್ಟು. ಡಬ್ಬಿ ಹಿಡಿದಿಟ್ಟ ಪಟ್ಟಿಯ ಒಂದು ಬೋಲ್ಟು ಸಡಿಲ. ತಿರುವಿನಲ್ಲಿ ಡಬ್ಬಿಯೇ ಕುಣಿದಿದೆ, ಹಳಿಯಲ್ಲ. ಅದನ್ನು ಬಿಗಿ ಮಾಡಿದವಳು ನಾನೇ. ಧರ್ಮೇಶ್ ಸ್ಪ್ಯಾನರ್ ತಂದುಕೊಟ್ಟ. ಮೊದಲ ಸಲ ತಮಾಷೆ ಮಾಡಲಿಲ್ಲ.

ಮೊದಲು ದೇವರಾಜ್ ಅವರಿಗೆ ಫೋನ್. ತಪ್ಪು ಹಳೀದಲ್ಲ ಸರ್, ನಂದು ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಗ್ಯಾಂಗಿನೋರಿಗೆ ಜ್ವರ ಬಂದಿದೆ ಮೇಡಂ, ನೆನೆದು. ಮೇಲಿನೋರು ನನ್ನ ಕೇಳ್ತಾ ಇದಾರೆ. ಸರಿ, ಹೇಳಿದ್ರಲ್ಲ" ಎಂದು ಇಟ್ಟುಬಿಟ್ಟರು.

ಆಮೇಲೆ ವಿಶ್ವನಾಥ್ ಸರ್. ಪ್ರಾಜೆಕ್ಟ್ ನಿಲ್ಲಿಸಿ ವಾಪಸ್ ಬಾ ಅನ್ನುತ್ತಾರೆ ಎಂದುಕೊಂಡೆ. "ಸುಳ್ಳು ಎಚ್ಚರಿಕೆಯೂ ಡೇಟಾನೇ ರಂಜಿತಾ. ಥೀಸಿಸಲ್ಲಿ ಒಂದು ಅಧ್ಯಾಯ ಅದಕ್ಕೇ ಇಡು. ಡಬ್ಬಿ ಒಂದೇ ಸಾಲದು, ಬೋಗಿಯ ಒಳಗೆ ಇನ್ನೊಂದು ಹಾಕು. ಎರಡೂ ಒಂದೇ ಮಾತು ಹೇಳಿದ್ರೆ ಮಾತ್ರ ನಂಬು" ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

ಜುಲೈ 6, ಭಾನುವಾರ

ಬಾಳೂರಿಗೆ ಬಂದಿದ್ದೇನೆ. ನಡೆದದ್ದನ್ನೆಲ್ಲ ಫೋನಿನಲ್ಲೇ ಹೇಳಿದ್ದೆ, ಅಮ್ಮ ಮತ್ತೆ ಕೆದಕದೆ ಬಡಿಸಿದರು. ಬಿಸಿ ಕಡುಬು, ಕಳಲೆ ಸಾರು. ಅಪ್ಪ ಎಸ್ಟೇಟ್ ಜೀಪ್ ಡ್ರೈವರ್, ಇವತ್ತು ರಜೆ. ಊಟ ಆದ ಮೇಲೆ ಕೇಳಿದರು.

"ಆ ಹುಡುಗಿ ಯಾವೂರು?"

ವಸ್ತಾರೆ. ಹೆಸರು ಕುಸುಮಾ. ಸ್ಟೇಷನ್ನಿನಲ್ಲಿ ವಿಚಾರಿಸಿ ಫೋನ್ ನಂಬರನ್ನೂ ಇಟ್ಟುಕೊಂಡಿದ್ದೆ, ಹೋಗುವ ಧೈರ್ಯ ಇರಲಿಲ್ಲ.

"ಹೋಗಣ ಬಾ," ಎಂದು ಎಸ್ಟೇಟಿನ ಸಾಹುಕಾರರನ್ನು ಕೇಳಿ ಜೀಪ್ ತೆಗೆದೇಬಿಟ್ಟರು. ದಾರಿಯುದ್ದಕ್ಕೂ ಮಂಜು. ಏನು ಹೇಳಬೇಕು ಎಂದು ಒಂದು ಸಲವೂ ಹೇಳಿಕೊಡಲಿಲ್ಲ. ಮನೆಯ ಮುಂದೆ ನಿಲ್ಲಿಸಿ ತಾವು ಜೀಪಿನಲ್ಲೇ ಕೂತರು.

ಕುಸುಮಾ ಬಾಗಿಲಲ್ಲೇ ಗುರುತು ಹಿಡಿದಳು.

"ನೀವೇನಾ ಅವತ್ತು ರೈಲು ನಿಲ್ಸಿದ್ದು?"

"ಹೌದು. ತಪ್ಪಾಯ್ತು. ನಾನು ಬಿಗಿ ಮಾಡಿದ ಬೋಲ್ಟು ಸಡಿಲ ಆಗಿತ್ತು."

"ಬೋಲ್ಟು!" ಅಂದಳು. "ಎರಡು ವರ್ಷ ಕಾದಿದ್ದ ಇಂಟರ್‌ವ್ಯೂ ನಂದು. ಫೋನ್ ಮಾಡಿ ಕೇಳ್ದೆ, ಇನ್ನು ಬರೋದು ಬೇಡ ಅಂದ್ರು. ನೀವು ಬಂದು ತಪ್ಪಾಯ್ತು ಅಂದ್ರೆ ನಾನೇನು ಮಾಡ್ಲಿ ಹೇಳಿ?"

ನಿಂತೇ ಇದ್ದೆ. ಅವಳ ತಾಯಿ ಒಳಗಿನಿಂದ ಕಾಫಿ ತಂದುಕೊಟ್ಟರು, ಜೀಪಿನಲ್ಲಿದ್ದ ಅಪ್ಪನಿಗೂ ಕಳಿಸಿದರು. ಕುಸುಮಾ ಕುಡಿಯಿರಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹೊರಡುವಾಗ ಅಂಗಳದವರೆಗೆ ಬಂದಳು.

"ಸಿಟ್ಟು ಹೋಗಿಲ್ಲ ನಂಗೆ. ಸುಳ್ಳು ಹೇಳಲ್ಲ. ಆದ್ರೆ ನಾನು ಬೈದೆ ಅಂತ ಇನ್ನೊಂದ್ಸಲ ನೀವು ಸುಮ್ನೆ ಇದ್ದುಬಿಟ್ರೆ? ಅದೇ ರೈಲಲ್ಲಿ ಓಡಾಡೋರು ನಾವು."

ಜೀಪು ಹತ್ತಿದ ಮೇಲೆ ಅಪ್ಪ ಕೇಳಿದ್ದು ಇಷ್ಟೇ: "ಕಾಫಿ ಚೆನ್ನಾಗಿತ್ತು, ಅಲ್ವಾ?"

ಜುಲೈ 22, ಮಂಗಳವಾರ

ಎಡೆಬಿಡದ ಮಳೆ. ಈಗ ಎರಡು ಡಬ್ಬಿ: ಒಂದು ಚಕ್ರದ ಹತ್ತಿರ, ಒಂದು ಬೋಗಿಯ ನೆಲದಲ್ಲಿ. ಬೋಲ್ಟುಗಳನ್ನು ನಾನು ಬಿಗಿ ಮಾಡಿದ ಮೇಲೆ ಧರ್ಮೇಶ್, ಧರ್ಮೇಶ್ ಆದ ಮೇಲೆ ಮತ್ತೆ ನಾನು. "ನಿನ್ನ ಮದುವೆಗೆ ತಾಳಿ ಬದಲು ಸ್ಪ್ರಿಂಗ್ ವಾಷರ್ ತರ್ತೀನಿ" ಅಂದ. ತಮಾಷೆ ವಾಪಸ್ ಬಂದಿದೆ. ಒಳ್ಳೆಯದಾಯಿತು.

ಒಂದು ಜಾಗ ಕಾಡುತ್ತಿದೆ. ಹೊಲಗಳ ನಡುವೆ ಎತ್ತರದ ಮಣ್ಣಿನ ಏರಿಯ ಮೇಲೆ ಹಳಿ ಹೋಗುತ್ತದಲ್ಲ, ಅಲ್ಲಿ ಹಳ್ಳದ ನೀರು ದಾಟಲು ಒಂದು ಮೋರಿ ಇದೆ. ಅದರ ಮೇಲೆ ರೈಲು ಸಣ್ಣಗೆ ತಗ್ಗುತ್ತಿದೆ. ಹೊಡೆತ ಅಲ್ಲ, ಕುಲುಕೂ ಅಲ್ಲ, ಮೆತ್ತಗೆ ಕೂತು ಏಳುವ ಹಾಗೆ. ಹೋದ ವಾರ ಇದ್ದದ್ದಕ್ಕಿಂತ ಈಗ ಸ್ವಲ್ಪ ಹೆಚ್ಚು. ಇನ್ನೂ ಲಿಮಿಟ್ಟಿನ ಒಳಗೇ ಇದೆ. ದೇವರಾಜ್ ಅವರಿಗೆ ಹೇಳಲೇ? ಏನಂತ? ಸ್ವಲ್ಪ ಹೆಚ್ಚು ಅಂತಲೇ?

ನಾಳೆ ನೋಡೋಣ.

ಜುಲೈ 26, ಶನಿವಾರ, ಬೆಳಿಗ್ಗೆ

ರೈಲು ಬಂದು ನಿಂತಿದೆ. ಮೋರಿಯ ಹತ್ತಿರದ ತಗ್ಗು ನಿನ್ನೆಗಿಂತ ಎರಡರಷ್ಟು. ಎರಡೂ ಡಬ್ಬಿ ಒಂದೇ ಮಾತು ಹೇಳುತ್ತಿವೆ. ಬೋಲ್ಟು ನೋಡಿ ಬಂದೆ. ಧರ್ಮೇಶನೂ ನೋಡಿ ಬಂದ. ಬಿಗಿಯಾಗಿಯೇ ಇವೆ.

ಇದೇ ರೈಲು ಮತ್ತೆ ಹೊರಡುವುದು ಮಧ್ಯಾಹ್ನ. ಪ್ಲಾಟ್‌ಫಾರ್ಮಿನಲ್ಲಿ ಆಗಲೇ ಜನ ಸೇರುತ್ತಿದ್ದಾರೆ. ಯಾರ ಕೈಯಲ್ಲಿ ಫೈಲು ಇದೆಯೋ ಎಂದು ಕಣ್ಣು ಹುಡುಕುತ್ತದೆ. ಫೋನು ಕೈಯಲ್ಲೇ ಇದೆ.

ಮಾಡಿದೆ.

ಖಾತ್ರಿನಾ ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. "ಯಾವ ಮೋರಿ?" ಅಂದರು. ಹೇಳಿದೆ. "ಈಗ್ಲೇ ಹೊರಟೆ."

ನಾನೇ ತಡೆಯಲಾರದೆ ಅಂದೆ: "ಸರ್, ಹೋದ್ಸಲದ ಹಾಗೆ ಆದ್ರೆ..."

"ಹೋದ್ಸಲ ಸುಳ್ಳಾಯ್ತು ಅಂತ ನಂಗೆ ಹೇಳಿದ್ದು ಯಾರು? ನೀವೇ ತಾನೆ? ತಪ್ಪನ್ನ ಹಳೀ ಮೇಲೆ ಹಾಕಿ ತಪ್ಪಿಸ್ಕೋಬಹುದಿತ್ತು. ಹಾಕ್ಲಿಲ್ಲ. ಅಷ್ಟು ಸಾಕು ನಂಗೆ. ಇಡಿ ಫೋನು, ಜೀಪ್ ಬಂತು."

ಅದೇ ದಿನ, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಮೇಲಿನಿಂದ ನೋಡಿದರೆ ಹಳಿ ನೇರ, ಜಲ್ಲಿ ಸರಿಯಾಗಿದೆ. ಜೊತೆಗಿದ್ದವರು "ಏನೂ ಇಲ್ಲ ಸರ್, ಹೋಗಣ" ಅಂದರಂತೆ. ದೇವರಾಜ್ ಹೋಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏರಿಯಿಂದ ಕೆಳಗಿಳಿದು ಹಳ್ಳದ ಕಡೆಯಿಂದ ನೋಡಿದ್ದಾರೆ. ಮೋರಿಯ ಗೋಡೆಯ ಹಿಂದಿನ ಮಣ್ಣು ನೀರಿನ ಜೊತೆ ಕೊಚ್ಚಿಹೋಗಿ ಏರಿಯ ಹೊಟ್ಟೆ ಟೊಳ್ಳಾಗಿದೆ. ಒಳಗೆ ಮನುಷ್ಯ ಬಗ್ಗಿ ನಿಲ್ಲುವಷ್ಟು ಜಾಗ. ಮೇಲೆ ಹಳಿ ಸೇತುವೆಯ ಹಾಗೆ ತೂಗಿಕೊಂಡಿದೆ. ಬೆಳಿಗ್ಗೆ ಅದರ ಮೇಲೆಯೇ ರೈಲು ಬಂದಿತ್ತು, ತುಂಬಾ ಜನ.

ಮಧ್ಯಾಹ್ನದ ರೈಲು ರದ್ದು. ಸ್ಟೇಷನ್ನಿನಲ್ಲಿ ಮೈಕಿನಲ್ಲಿ ಹೇಳಿದಾಗ ಜನ ಗೊಣಗಿದರು. ಒಬ್ಬರು ನನ್ನ ಹತ್ತಿರವೇ ಬಂದು "ಮಳೆ ಬಂದ್ರೆ ಸಾಕು, ಇವರ ರೈಲು ಮಲಗುತ್ತೆ" ಎಂದು ಬೈದು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಬೈಯಲಿ. ಬೈಯುತ್ತಾ ಮನೆ ಸೇರಲಿ. ಕೊಡೆ ಬಿಚ್ಚಿ ಹೋಗುತ್ತಿದ್ದವರ ಬೆನ್ನುಗಳನ್ನು ನೋಡುತ್ತಾ ಅಲ್ಲೇ ಕೂತುಬಿಟ್ಟೆ. ಧರ್ಮೇಶ್ ಚಹಾ ತಂದು ಕೈಗಿಟ್ಟ.

ಜುಲೈ 28, ಸೋಮವಾರ

ದೇವರಾಜ್ ಮೋರಿ ನೋಡಲು ಕರೆದುಕೊಂಡು ಹೋದರು. ಗ್ಯಾಂಗಿನವರು ಮರಳಿನ ಚೀಲ ಪೇರಿಸುತ್ತಿದ್ದರು. ಅವತ್ತು ನನ್ನಿಂದ ನೆನೆದು ಜ್ವರ ಬಂದಿದ್ದ ವೆಂಕಟೇಶಣ್ಣ ನನ್ನನ್ನು ನೋಡಿ ಗುದ್ದಲಿ ಕೆಳಗಿಟ್ಟರು. ನಾಚಿಕೆಯಾಯಿತು.

"ಜ್ವರ ಹೇಗಿದೆ ಅಣ್ಣ?"

"ಅದು ಆವತ್ತೇ ಹೋಯ್ತು ಬಿಡವ್ವ. ಶನಿವಾರದ ರೈಲಲ್ಲಿ ನನ್ನ ಮಗಳು ಮೊಮ್ಮಗು ಹೋಗೋದಿತ್ತು." ಅಷ್ಟು ಹೇಳಿ ಮತ್ತೆ ಗುದ್ದಲಿ ಎತ್ತಿಕೊಂಡರು.

ಆ ಟೊಳ್ಳಿನೊಳಗೆ ಇಣುಕಿ ನೋಡಿದೆ. ಹಸಿ ಮಣ್ಣಿನ ವಾಸನೆ, ಮೇಲೆ ಹಳಿ ಹೊತ್ತ ಸ್ಲೀಪರುಗಳ ಹೊಟ್ಟೆ. ಗ್ರಾಫಿನಲ್ಲಿ ಬೆರಳಿನಷ್ಟೂ ಇಲ್ಲದ ಗೆರೆ, ಇಲ್ಲಿ ಇಷ್ಟು ದೊಡ್ಡ ಕತ್ತಲೆ. ದೇವರಾಜ್ ಇದರೊಳಗೆ ಇಳಿದರಲ್ಲ. ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. "ಏನ್ ಮೇಡಂ ಇದು, ದೇವಸ್ಥಾನನಾ?" ಎಂದು ನಕ್ಕರು.

ಕುಸುಮಾಳಿಗೆ ಮೆಸೇಜ್ ಮಾಡಿದೆ: ಸುಮ್ಮನೆ ಇರಲಿಲ್ಲ. ಥ್ಯಾಂಕ್ಸ್. ಓದಿದ ಗುರುತಿನ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಬರಬೇಕಾಗಿಯೂ ಇಲ್ಲ.

ಸೆಪ್ಟೆಂಬರ್ 11, ಗುರುವಾರ, ರೈಲಿನಲ್ಲಿ

ಏರಿಗೆ ಹೊಸ ಮಣ್ಣು, ಮೋರಿಗೆ ಹೊಸ ಗೋಡೆ. ಇಷ್ಟು ದಿನ ಅಲ್ಲಿ ರೈಲು ಬಸುರಿಯ ಹಾಗೆ ನಿಧಾನವಾಗಿ ಹೋಗುತ್ತಿತ್ತು. ಇವತ್ತು ಮೊದಲ ಸಲ ಪೂರ್ತಿ ಸ್ಪೀಡು. ಧರ್ಮೇಶ್ ಲ್ಯಾಪ್‌ಟಾಪಿನ ಮುಂದೆ. ನನಗೆ ಪರದೆ ನೋಡುವ ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

ಎದುರು ಸೀಟಿನ ಅಜ್ಜಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾರೆ. ಮಡಿಲಲ್ಲಿ ಸೇವಂತಿಗೆಯ ಬುಟ್ಟಿ. ಪಕ್ಕದಲ್ಲಿ ಇಬ್ಬರು ರಾಗಿಯ ಬೆಲೆ ಮಾತಾಡುತ್ತಿದ್ದಾರೆ. ಮಳೆ ಬಿಟ್ಟಿದೆ. ಹೊಲಗಳೆಲ್ಲ ಹಸಿರು.

ಸ್ಪೀಡು ಏರಿತು. ಮಣ್ಣಿನ ಏರಿ ಶುರುವಾಯಿತು. ಪೆನ್ನು ಎತ್ತುವುದಿಲ್ಲ, ಕುಲುಕಿದರೆ ಅಕ್ಷರವೇ ಹೇಳಲಿ. ದೂರದಲ್ಲಿ ಹಸಿರು ಬಾವುಟ ಹಿಡಿದು ನಿಂತಿರುವುದು ದೇವರಾಜ್ ಅವರೇ. ಪಕ್ಕದಲ್ಲಿ ವೆಂಕಟೇಶಣ್ಣ. ಮೋರಿ ಬಂತು ಬಂತು ಬಂತು

ದಾಟಿದೆವು.

ಅಕ್ಷರ ನೇರವಾಗಿಯೇ ಇದೆ. ಅಜ್ಜಿಗೆ ಎಚ್ಚರವಾಗಿಲ್ಲ. ರಾಗಿಯ ಮಾತು ನಿಂತಿಲ್ಲ. ಧರ್ಮೇಶ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾನೆ, ಕಣ್ಣು ಒರೆಸಿಕೊಳ್ಳುತ್ತಿದ್ದಾನೆ ಬೇರೆ. ಇಷ್ಟು ಜನರಲ್ಲಿ ಒಬ್ಬರಿಗೂ ಏನೂ ಗೊತ್ತಾಗಲಿಲ್ಲ. ಇಷ್ಟಕ್ಕೇ ಅಲ್ಲವೇ ನಾವೆಲ್ಲ ಕಷ್ಟಪಟ್ಟದ್ದು.

ಫೋನು ಬಡಿದುಕೊಳ್ಳುತ್ತಿದೆ. ದೇವರಾಜ್ ಸರ್. ಯಾರಿಗೂ ಏನೂ ಗೊತ್ತೇ ಆಗಲಿಲ್ಲ ಎಂದು ಅವರಿಗೆ ಹೇಳಬೇಕು.